ಹನ್ನೊಂದು ವರ್ಷದ ಪದಪಟ್ಟಿ ಎಲ್ಲಿ ಹೋಯಿತು? ಲಿಬ್ರೆಆಫೀಸ್ ಹೊಸದಾದಾಗ ಹಳೆಯ ಸೆಟ್ಟಿಂಗ್‌ಗಳನ್ನು ಮರಳಿ ತರುವ ಬಗೆ

ಪ್ರಶ್ನೆ: ನಾನು ಧಾರವಾಡದಲ್ಲಿದ್ದುಕೊಂಡು ಮೂರು ಸಣ್ಣ ಪ್ರಕಾಶನಗಳಿಗೆ ಕರಡು ತಿದ್ದಿಕೊಡುತ್ತೇನೆ. ಹನ್ನೊಂದು ವರ್ಷಗಳಿಂದ ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದ ಬರವಣಿಗೆಯ ಭಾಗವಾದ ರೈಟರ್‌ನಲ್ಲೇ ಕೆಲಸ. ಈ ಅವಧಿಯಲ್ಲಿ ಸಾವಿರಾರು ಪದಗಳನ್ನು ನನ್ನ ಸ್ವಂತ ನಿಘಂಟಿಗೆ ಸೇರಿಸಿದ್ದೆ. ಪದೇ ಪದೇ ಬರುವ ತಪ್ಪುಗಳು ತಾವಾಗಿಯೇ ಸರಿಯಾಗುವಂತೆ ಆಟೋಕರೆಕ್ಟ್ ಪಟ್ಟಿ ಮಾಡಿಕೊಂಡಿದ್ದೆ. ಪ್ರತಿ ಪ್ರಕಾಶನಕ್ಕೂ ಬೇರೆ ಟೆಂಪ್ಲೇಟ್ ಇತ್ತು. ಪದೇ ಪದೇ ಮಾಡುವ ಕೆಲಸಗಳನ್ನು ತಾವಾಗಿಯೇ ಮಾಡಿಕೊಡುವ ಎರಡು ಮ್ಯಾಕ್ರೊಗಳೂ ಇದ್ದವು. ವಿಂಡೋಸ್ 10ಕ್ಕೆ ಇನ್ನು ಬೆಂಬಲವಿಲ್ಲ ಎಂದು ಕೇಳಿ, ಆರು ದಿನಗಳ ಹಿಂದೆ ಅಂಗಡಿಯೊಂದರಲ್ಲಿ ವಿಂಡೋಸ್ 11 ಹಾಕಿಸಿದೆ. ಅವರೇ ಲಿಬ್ರೆಆಫೀಸ್‌ನ ಹೊಸ ಆವೃತ್ತಿಯನ್ನೂ ಹಾಕಿಕೊಟ್ಟರು. ಮನೆಗೆ ಬಂದು ನೋಡಿದರೆ ನನ್ನದೆನ್ನುವುದು ಏನೂ ಉಳಿದಿಲ್ಲ. ಕನ್ನಡದ ಪ್ರತಿ ಪದದ ಕೆಳಗೂ ಕೆಂಪು ಗೆರೆ ಬರುತ್ತಿದೆ. ಹಳೆಯ ಪುಸ್ತಕದ ಫೈಲ್ ತೆರೆದರೆ ಪುಟಗಳ ಲೆಕ್ಕವೇ ಬದಲಾಗಿದೆ. ಅಂಗಡಿಯವರು ‘ಹಳೆಯ ಆವೃತ್ತಿ ತೆಗೆದಾಗ ಅದರೊಂದಿಗೆ ಎಲ್ಲವೂ ಹೋಗುತ್ತದೆ’ ಎನ್ನುತ್ತಾರೆ. ಪರಿಚಿತರೊಬ್ಬರು ಹಳೆಯ ಫೋಲ್ಡರನ್ನು ಇಡಿಯಾಗಿ ತಂದು ಹಾಕಿದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ಹಳೆಯ ಆವೃತ್ತಿಗೇ ಮರಳಿ, ಮುಂದೆ ಅಪ್‌ಡೇಟ್ ಮಾಡಲೇಬೇಡಿ ಎನ್ನುತ್ತಾರೆ. ಸಿ ಡ್ರೈವ್‌ನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ದೊಡ್ಡ ಫೋಲ್ಡರ್ ಇದೆ, ಜಾಗ ಬೇಕಾದರೆ ಅಳಿಸಿ ಎಂದಿದ್ದಾರೆ. ಅಳಿಸಬಹುದೇ? ಮರಳಿ ಸಿಕ್ಕರೆ ಮಗಳ ಲ್ಯಾಪ್‌ಟಾಪ್‌ಗೂ ಅದೇ ನಿಘಂಟನ್ನು ಹಾಕಿಕೊಳ್ಳಬಹುದೇ?

ಉತ್ತರ: ಆ ಫೋಲ್ಡರನ್ನು ದಯವಿಟ್ಟು ಅಳಿಸಬೇಡಿ. ಈ ಪತ್ರ ಕೈಸೇರಿದ ದಿನವೇ ಇವರಿಗೆ ನೇರವಾಗಿ ಬರೆದು ಹೇಳಿದ ಮೊದಲ ಮಾತು ಇದು. ಇಂಥದೇ ಸ್ಥಿತಿಯಲ್ಲಿರುವ ಇತರರಿಗಾಗಿ ಇಲ್ಲಿಯೂ ಮೊದಲಿಗೇ ಹೇಳುತ್ತಿದ್ದೇನೆ. ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ವಿಂಡೋಸನ್ನು ಮತ್ತೆ ಹಾಕಿದಾಗ ಹಿಂದಿನ ವ್ಯವಸ್ಥೆಯೂ ಹಿಂದಿನ ಬಳಕೆದಾರರ ಫೋಲ್ಡರ್‌ಗಳೂ ವಿಂಡೋಸ್ ಡಾಟ್ ಓಲ್ಡ್ ಒಳಗೆ ಸರಿದು ಕೂರುತ್ತವೆ. ಆದರೆ ಅದು ಶಾಶ್ವತವಲ್ಲ. ಸಾಮಾನ್ಯವಾಗಿ ಹತ್ತು ದಿನಗಳ ನಂತರ ವಿಂಡೋಸ್ ಅದನ್ನು ತಾನೇ ಅಳಿಸಿಬಿಡುತ್ತದೆ. ಆರು ದಿನ ಕಳೆದಿತ್ತು, ಆದ್ದರಿಂದ ಉಳಿದದ್ದನ್ನೆಲ್ಲ ಬದಿಗಿಟ್ಟು, ಅದರೊಳಗಿನ ‘ಯೂಸರ್ಸ್’ ಫೋಲ್ಡರನ್ನು ಬೇರೊಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳುವಂತೆ ತಿಳಿಸಿದೆ. ಹಳೆಯ ಖಾತೆಯ ಫೋಲ್ಡರನ್ನು ತೆರೆಯುವಾಗ ‘ಇದನ್ನು ನೋಡಲು ನಿಮಗೆ ಅನುಮತಿಯಿಲ್ಲ’ ಎಂಬ ಸಂದೇಶ ಬಂದರೆ ಗಾಬರಿಯಾಗಬೇಕಿಲ್ಲ. ಮುಂದುವರಿಸಿ ಎಂಬ ಗುಂಡಿ ಒತ್ತಿದರೆ, ಆಡಳಿತಾಧಿಕಾರವಿರುವ ಖಾತೆಗೆ ಅನುಮತಿ ದೊರೆಯುತ್ತದೆ.

ಈಗ ನಿಮ್ಮ ಆತಂಕದ ಮೂಲಕ್ಕೆ ಬರೋಣ. ಹನ್ನೊಂದು ವರ್ಷ ಒಂದೊಂದೇ ಪದವನ್ನು ನೋಡಿ, ಸರಿಯೆಂದು ಖಚಿತಪಡಿಸಿಕೊಂಡು, ನಿಘಂಟಿಗೆ ಸೇರಿಸಿದ ಕೆಲಸ ನಿಮ್ಮದು. ಹೊರಗಿನವರಿಗೆ ಅದು ‘ಸೆಟ್ಟಿಂಗ್’ ಎಂಬ ಒಂದೇ ಪದದೊಳಗೆ ಮುಗಿದುಹೋಗುತ್ತದೆ. ಅಂಗಡಿಯಲ್ಲಿ ಫೋಟೋ, ಡಾಕ್ಯುಮೆಂಟ್ ಉಳಿಸಬೇಕೇ ಎಂದು ಕೇಳುತ್ತಾರೆಯೇ ಹೊರತು ಇದನ್ನು ಕೇಳುವುದಿಲ್ಲ, ಏಕೆಂದರೆ ಇದು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇರುವುದೇ ಇಲ್ಲ. ಕಳೆದುಹೋಗಿದೆ ಎನ್ನಿಸುವುದಕ್ಕೂ ಅದೇ ಕಾರಣ.

ಲಿಬ್ರೆಆಫೀಸ್ ತನ್ನ ಕಾರ್ಯಕ್ರಮವನ್ನು ಒಂದು ಜಾಗದಲ್ಲಿ, ನಿಮಗೆ ಸೇರಿದ್ದನ್ನು ಇನ್ನೊಂದು ಜಾಗದಲ್ಲಿ ಇಡುತ್ತದೆ. ಕಾರ್ಯಕ್ರಮ ಇರುವುದು ಪ್ರೋಗ್ರಾಂ ಫೈಲ್ಸ್‌ನಲ್ಲಿ. ನಿಮ್ಮದು ಇರುವುದು ಬಳಕೆದಾರ ಪ್ರೊಫೈಲ್ ಎಂಬ ಫೋಲ್ಡರಿನಲ್ಲಿ: ಸಿ ಡ್ರೈವ್, ಅದರಲ್ಲಿ ಯೂಸರ್ಸ್, ಅದರಲ್ಲಿ ನಿಮ್ಮ ಖಾತೆಯ ಹೆಸರು, ಮುಂದೆ ಕ್ರಮವಾಗಿ ಆಪ್‌ಡೇಟಾ, ರೋಮಿಂಗ್, ಲಿಬ್ರೆಆಫೀಸ್, 4, ಕೊನೆಗೆ ಯೂಸರ್. ಆಪ್‌ಡೇಟಾ ಎಂಬುದು ಮರೆಮಾಡಿದ ಫೋಲ್ಡರ್. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಪಟ್ಟಿಯಲ್ಲಿ ಮರೆಯಾದವುಗಳನ್ನು ತೋರಿಸು ಎಂಬ ಆಯ್ಕೆ ಹಾಕಿಕೊಂಡ ಮೇಲೆ ಕಾಣಿಸುತ್ತದೆ. ದಾರಿಯ ನಡುವಿನ ಆ ‘4’ ಎಂಬ ಅಂಕಿ ಅನೇಕರನ್ನು ದಾರಿ ತಪ್ಪಿಸಿದೆ. ಅದು ನಾಲ್ಕನೆಯ ಆವೃತ್ತಿಯ ಹಳೆಯ ಪಳೆಯುಳಿಕೆ, ಈಗಿನದು ಬೇರೆಲ್ಲೋ ಇರಬೇಕು ಎಂದುಕೊಂಡು ಅದನ್ನು ಅಳಿಸಿದವರನ್ನು ನಾನು ಕಂಡಿದ್ದೇನೆ. 2013ರ ಫೆಬ್ರುವರಿಯಲ್ಲಿ 4.0 ಬಂದಾಗ ಇಟ್ಟ ಆ ಹೆಸರನ್ನು ಮುಂದಿನ 5, 6, 7ನೆಯ ಆವೃತ್ತಿಗಳಲ್ಲೂ, 2024ರಿಂದ ವರ್ಷದ ಲೆಕ್ಕದಲ್ಲಿ 24.2 ಎಂದು ಎಣಿಸತೊಡಗಿದ ಮೇಲೂ ಬದಲಿಸಿಲ್ಲ.

ಹಾಗಾಗಿ ಅಂಗಡಿಯವರ ಮಾತು ಸರಿಯಲ್ಲ. ಹಳೆಯ ಆವೃತ್ತಿಯನ್ನು ತೆಗೆದರೂ, ಅದರ ಮೇಲೆಯೇ ಹೊಸದನ್ನು ಹಾಕಿದರೂ ಈ ಫೋಲ್ಡರ್ ಮುಟ್ಟದೆ ಉಳಿಯುತ್ತದೆ. ಹೊಸ ಆವೃತ್ತಿ ಮೊದಲ ಬಾರಿ ತೆರೆದುಕೊಂಡಾಗ ಅದೇ ಫೋಲ್ಡರನ್ನು ಹುಡುಕಿ ಬಳಸಿಕೊಳ್ಳುತ್ತದೆ. ಈ ಹನ್ನೊಂದು ವರ್ಷಗಳಲ್ಲಿ ನೀವು ಹಲವು ಬಾರಿ ಲಿಬ್ರೆಆಫೀಸನ್ನು ಮೇಲ್ದರ್ಜೆಗೆ ಏರಿಸಿರಲೇಬೇಕು, ಆಗೆಲ್ಲ ಏನೂ ಕಳೆಯಲಿಲ್ಲ ಎಂಬುದೇ ಇದಕ್ಕೆ ಸಾಕ್ಷಿ. ಈ ಸಲ ಬದಲಾದದ್ದು ಲಿಬ್ರೆಆಫೀಸ್ ಅಲ್ಲ, ಅದರ ಕೆಳಗಿನ ನೆಲ. ವಿಂಡೋಸನ್ನು ಹೊಸದಾಗಿ ಹಾಕಿದಾಗ ಹೊಸ ಬಳಕೆದಾರ ಖಾತೆ ಹುಟ್ಟಿತು. ಆ ಖಾತೆಯಡಿ ಪ್ರೊಫೈಲ್ ಇಲ್ಲದ್ದರಿಂದ ಲಿಬ್ರೆಆಫೀಸ್ ಒಂದು ಖಾಲಿ ಪ್ರೊಫೈಲನ್ನು ಕಟ್ಟಿಕೊಂಡಿತು. ನಿಮ್ಮ ಪದಪಟ್ಟಿ ಹಳೆಯ ಖಾತೆಯ ಹೆಸರಿನಡಿ, ವಿಂಡೋಸ್ ಡಾಟ್ ಓಲ್ಡ್ ಒಳಗೆ, ಇದ್ದ ಹಾಗೆಯೇ ಇದೆ. ಲಿನಕ್ಸ್ ಬಳಸುವವರಿಗೂ ಇದೇ ಅನುಭವ ಬೇರೆ ವೇಷದಲ್ಲಿ ಬರುತ್ತದೆ: ಮೊದಲು ವಿತರಣೆಯೊಂದಿಗೆ ಬಂದ ಲಿಬ್ರೆಆಫೀಸ್ ಇದ್ದು, ನಂತರ ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ರೂಪದ್ದನ್ನು ಹಾಕಿದರೆ, ಅವು ತಮ್ಮ ಪ್ರೊಫೈಲನ್ನು ತಮ್ಮದೇ ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳುವುದರಿಂದ ಎಲ್ಲವೂ ಮಾಯವಾದಂತೆ ತೋರುತ್ತದೆ.

ಹಾಗಿದ್ದರೆ ಪರಿಚಿತರು ಹೇಳಿದಂತೆ ಆ ಹಳೆಯ ಯೂಸರ್ ಫೋಲ್ಡರನ್ನು ಇಡಿಯಾಗಿ ತಂದು ಹೊಸದರ ಮೇಲೆ ಹಾಕಿಬಿಡಬಹುದಲ್ಲ ಎನ್ನಿಸುವುದು ಸಹಜ. ನಾನೂ ಮೊದಲು ಕೆಲವು ವರ್ಷ ಹಾಗೆಯೇ ಮಾಡುತ್ತಿದ್ದೆ, ಅನೇಕ ಸಲ ಅದು ಫಲಿಸಿದೆ ಕೂಡ. ಮುದ್ರಣಾಲಯವೊಂದರ ಯಂತ್ರದಲ್ಲಿ ಹೀಗೆ ತಂದು ಹಾಕಿದ ಪ್ರೊಫೈಲಿನೊಳಗೆ ಹಳೆಯ ವಿಸ್ತರಣೆಯೊಂದು, ಅಂದರೆ ಹೊರಗಿನಿಂದ ಸೇರಿಸಿಕೊಂಡ ಪೂರಕ ತಂತ್ರಾಂಶ, ಅಡಗಿದ್ದು, ರೈಟರ್ ತೆರೆದ ಕ್ಷಣವೇ ಮುಚ್ಚಿಹೋಗುತ್ತಿತ್ತು. ಕಾರಣ ಹುಡುಕುವುದಕ್ಕೇ ಒಂದು ಇಡೀ ದಿನ ಹೋಯಿತು, ಅಷ್ಟು ಹೊತ್ತೂ ಅಲ್ಲಿಯ ಕೆಲಸ ನಿಂತಿತ್ತು. ಅಂದಿನಿಂದ ನಾನು ಈ ದಾರಿಯನ್ನು ಮೊದಲ ಆಯ್ಕೆಯಾಗಿ ಯಾರಿಗೂ ಹೇಳುವುದಿಲ್ಲ. ನಿಮ್ಮ ವಿಷಯದಲ್ಲಿ ಇನ್ನೂ ಒಂದು ಕಾರಣವಿದೆ. ಪ್ರೊಫೈಲಿನಲ್ಲಿ ‘ರಿಜಿಸ್ಟ್ರಿ ಮಾಡಿಫಿಕೇಶನ್ಸ್’ ಎಂಬ ಹೆಸರಿನ ಒಂದು ಕಡತ ಇರುತ್ತದೆ. ನೀವು ಆಪ್ಷನ್ಸ್‌ನಲ್ಲಿ ಬದಲಿಸಿದ ಬಹುಪಾಲು ಸಂಗತಿಗಳು ಇದರಲ್ಲೇ ದಾಖಲಾಗುತ್ತವೆ. ನೀವು ಬೇರೆ ಜಾಗ ಆರಿಸಿಕೊಂಡಿದ್ದರೆ ಟೆಂಪ್ಲೇಟ್ ಎಲ್ಲಿದೆ, ಮ್ಯಾಕ್ರೊಗಳಿಗೆ ನಂಬಿಕೆಯ ಫೋಲ್ಡರ್ ಯಾವುದು, ಇತ್ತೀಚೆಗೆ ತೆರೆದ ಕಡತಗಳು ಯಾವುವು ಎಂಬ ಪೂರ್ಣ ವಿಳಾಸಗಳೂ ಅಲ್ಲಿ ಇರುತ್ತವೆ. ಖಾತೆಯ ಹೆಸರು ಬದಲಾಗಿದ್ದರೆ ಆ ವಿಳಾಸಗಳೆಲ್ಲ ಈಗ ಇಲ್ಲದ ಮನೆಯ ವಿಳಾಸಗಳು.

ಅದೇ ಕಡತದ ಇನ್ನೊಂದು ಗುಣವನ್ನು ತಿಳಿದುಕೊಂಡರೆ ‘ನಾನು ಮುಟ್ಟದ ಸೆಟ್ಟಿಂಗ್ ತಾನಾಗಿಯೇ ಏಕೆ ಬದಲಾಯಿತು’ ಎಂದು ಹಲವರು ಕೇಳುವ ಪ್ರಶ್ನೆಗೂ ಉತ್ತರ ಸಿಗುತ್ತದೆ. ಲಿಬ್ರೆಆಫೀಸ್ ಎಲ್ಲ ಸೆಟ್ಟಿಂಗ್‌ಗಳನ್ನೂ ಬರೆದಿಟ್ಟುಕೊಳ್ಳುವುದಿಲ್ಲ. ಮೂಲಸ್ಥಿತಿಗಿಂತ ನೀವು ಎಲ್ಲೆಲ್ಲಿ ಭಿನ್ನವಾಗಿ ಆರಿಸಿದಿರೋ ಅಷ್ಟನ್ನು ಮಾತ್ರ ಬರೆದಿಡುತ್ತದೆ. ನೀವು ಮುಟ್ಟದೆ ಬಿಟ್ಟದ್ದಕ್ಕೆ ದಾಖಲೆಯೇ ಇಲ್ಲ. ಹೊಸ ಆವೃತ್ತಿಯಲ್ಲಿ ಮೂಲಸ್ಥಿತಿಯೇ ಬದಲಾಗಿದ್ದರೆ, ನಿಮಗೆ ಅಭ್ಯಾಸವಾಗಿದ್ದ ಆದರೆ ನೀವಾಗಿ ಆರಿಸಿರದ ಆ ನಡವಳಿಕೆಯೂ ಬದಲಾಗುತ್ತದೆ. ಹಳೆಯ ಪ್ರೊಫೈಲನ್ನು ಎಷ್ಟು ಜಾಗರೂಕತೆಯಿಂದ ತಂದರೂ ಅದು ಮರಳದು. ಆಪ್ಷನ್ಸ್‌ಗೆ ಹೋಗಿ ಕೈಯಿಂದಲೇ ಬದಲಿಸಬೇಕು.

ಆದ್ದರಿಂದ ನನ್ನ ಸಲಹೆ ಇಷ್ಟು: ಪ್ರೊಫೈಲಿನಲ್ಲಿ ಇರುವುದರಲ್ಲಿ ಯಾವುದು ನಿಮ್ಮ ದುಡಿಮೆ, ಯಾವುದು ಕೇವಲ ನಿಮ್ಮ ರೂಢಿ ಎಂದು ಬೇರ್ಪಡಿಸಿ. ನಿಘಂಟು, ಆಟೋಕರೆಕ್ಟ್ ಪಟ್ಟಿ, ಆಟೋಟೆಕ್ಸ್ಟ್ (ಮತ್ತೆ ಮತ್ತೆ ಬಳಸಲು ಉಳಿಸಿಟ್ಟ ಪಠ್ಯದ ತುಣುಕುಗಳು), ಟೆಂಪ್ಲೇಟ್, ಮ್ಯಾಕ್ರೊ ದುಡಿಮೆ. ಅವು ಪ್ರತ್ಯೇಕ ಉಪಫೋಲ್ಡರ್‌ಗಳಲ್ಲಿ ಪ್ರತ್ಯೇಕ ಕಡತಗಳಾಗಿ ಇರುವುದರಿಂದ ಅವುಗಳನ್ನಷ್ಟೇ ಎತ್ತಿ ತರಬಹುದು. ಟೂಲ್‌ಬಾರ್ ಎಲ್ಲಿರಬೇಕು, ಚಿಹ್ನೆಗಳ ಗಾತ್ರವೆಷ್ಟು, ಎಷ್ಟು ನಿಮಿಷಕ್ಕೊಮ್ಮೆ ಉಳಿಸಬೇಕು ಎಂಬಂಥವು ರೂಢಿ. ಒಂದು ಸಂಜೆ ಕುಳಿತು ಹೊಸದಾಗಿ ಹೊಂದಿಸಿಕೊಂಡರೆ ಮುಗಿಯಿತು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ತರುವುದರಿಂದಲೇ ತೊಂದರೆಗಳು ಹುಟ್ಟುತ್ತವೆ.

ಕೆಲಸ ಶುರುಮಾಡುವ ಮೊದಲು ಲಿಬ್ರೆಆಫೀಸನ್ನು ಪೂರ್ತಿ ಮುಚ್ಚಬೇಕು. ಗಡಿಯಾರದ ಪಕ್ಕದಲ್ಲಿ ಕ್ವಿಕ್‌ಸ್ಟಾರ್ಟರ್ ಚಿಹ್ನೆ ಇದ್ದರೆ ಅದನ್ನೂ ಮುಚ್ಚಬೇಕು. ತೆರೆದಿದ್ದಾಗ ಕಾರ್ಯಕ್ರಮ ತನ್ನ ನಿಘಂಟು ಮತ್ತು ಸೆಟ್ಟಿಂಗ್‌ಗಳನ್ನು ನೆನಪಿನಲ್ಲಿ ಹಿಡಿದಿರುತ್ತದೆ, ಮುಚ್ಚುವಾಗ ಅವನ್ನು ಮತ್ತೆ ಕಡತಕ್ಕೆ ಬರೆಯುತ್ತದೆ. ನಡುವೆ ನೀವು ತಂದಿಟ್ಟದ್ದರ ಮೇಲೆ ತನ್ನ ಖಾಲಿ ಪ್ರತಿಯನ್ನು ಬರೆದುಬಿಡಬಹುದು. ‘ನಕಲು ಮಾಡಿದೆ, ಆದರೂ ಬರಲಿಲ್ಲ’ ಎಂದು ಬರುವ ದೂರುಗಳಲ್ಲಿ ನಾನು ಹೆಚ್ಚಾಗಿ ಕಂಡಿರುವ ಕಾರಣ ಇದೇ. ಮುಚ್ಚಿದ ಬಳಿಕ ಈಗಿರುವ ಹೊಸ ಯೂಸರ್ ಫೋಲ್ಡರನ್ನು ಇನ್ನೊಂದು ಹೆಸರಿನಲ್ಲಿ ನಕಲು ಮಾಡಿ ಬದಿಗಿಡಿ. ಏನಾದರೂ ಹದಗೆಟ್ಟರೆ ಇಲ್ಲಿಗೆ ಮರಳಬಹುದು. ಆಮೇಲೆ ಒಂದು ಬಗೆಯದನ್ನು ತನ್ನಿ, ತೆರೆದು ನೋಡಿ, ಮುಚ್ಚಿ, ಇನ್ನೊಂದನ್ನು ತನ್ನಿ. ನಿಧಾನವೆನ್ನಿಸಿದರೂ ತಪ್ಪಿದ್ದು ಎಲ್ಲಿ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ನಿಘಂಟಿನಿಂದಲೇ ಆರಂಭಿಸೋಣ. ಅದು ‘ವರ್ಡ್‌ಬುಕ್’ ಎಂಬ ಉಪಫೋಲ್ಡರಿನಲ್ಲಿ ಇದೆ. ಸಾಮಾನ್ಯವಾಗಿ ಕಡತದ ಹೆಸರು ಸ್ಟ್ಯಾಂಡರ್ಡ್, ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಭಾಗ ಡಿಕ್. ಇದು ಗೂಢಲಿಪಿಯ ಕಡತವೇನಲ್ಲ, ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದಾದ ಸಾದಾ ಪಠ್ಯ. ಮೇಲೆ ಮೂರು ಸಾಲುಗಳಲ್ಲಿ ಇದು ಎಂಥ ನಿಘಂಟು, ಯಾವ ಭಾಷೆಯದು ಎಂಬ ವಿವರ. ನಂತರ ಮೂರು ಅಡ್ಡಗೆರೆಗಳ ಒಂದು ಸಾಲು. ಅದರ ಕೆಳಗೆ ಸಾಲಿಗೊಂದರಂತೆ ನಿಮ್ಮ ಪದಗಳು. ಕಳೆದ ಆರು ದಿನಗಳಲ್ಲಿ ನೀವು ಹೊಸ ಯಂತ್ರದಲ್ಲೂ ಕೆಲವು ಪದಗಳನ್ನು ಸೇರಿಸಿದ್ದರೆ ಹಳೆಯದನ್ನು ತಂದು ಮೇಲೆ ಹಾಕಬೇಡಿ, ಅವು ಹೋಗುತ್ತವೆ. ಎರಡನ್ನೂ ನೋಟ್‌ಪ್ಯಾಡ್‌ನಲ್ಲಿ ತೆರೆದು, ಹೊಸದರ ಪದಗಳನ್ನು ಹಳೆಯದರ ಕೊನೆಗೆ ಅಂಟಿಸಿ, ಯುಟಿಎಫ್-8 ಎನ್‌ಕೋಡಿಂಗ್‌ನಲ್ಲೇ (ಅಕ್ಷರಗಳನ್ನು ಕಡತದಲ್ಲಿ ಸಂಕೇತಗಳಾಗಿ ಬರೆದಿಡುವ ಕ್ರಮ) ಉಳಿಸಿ, ಆ ಕಡತವನ್ನು ಹೊಸ ವರ್ಡ್‌ಬುಕ್ ಫೋಲ್ಡರಿಗೆ ಹಾಕಿ. ಎನ್‌ಕೋಡಿಂಗ್ ಬದಲಾದರೆ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗುವ ಅಪಾಯವಿದೆ, ಹಾಗಾಗಿ ಮೂಲ ಕಡತದ ಇನ್ನೊಂದು ಪ್ರತಿ ಬೇರೆಡೆ ಇರಲಿ. ಬಳಿಕ ರೈಟರ್ ತೆರೆದು, ಟೂಲ್ಸ್‌ನ ಆಪ್ಷನ್ಸ್‌ನಲ್ಲಿ ಭಾಷೆಗೆ ಸಂಬಂಧಿಸಿದ ‘ರೈಟಿಂಗ್ ಏಡ್ಸ್’ ಪುಟದಲ್ಲಿ ಆ ನಿಘಂಟಿನ ಹೆಸರಿನ ಮುಂದೆ ಗುರುತು ಬಿದ್ದಿದೆಯೇ ನೋಡಿ. ಕನ್ನಡದ ಕಾಗುಣಿತ ಪರೀಕ್ಷಕವನ್ನು ವಿಸ್ತರಣೆಯಾಗಿ ಹಾಕಿಕೊಂಡಿದ್ದರೆ ಅದನ್ನು ಹಳೆಯ ಪ್ರೊಫೈಲಿನಿಂದ ಎತ್ತಿ ತರದೆ, ಹೊಸದಾಗಿ ಇಳಿಸಿಕೊಂಡು ಹಾಕಿ. ವಿಸ್ತರಣೆಗಳ ಮಟ್ಟಿಗೆ ಇದೇ ನಿಯಮ.

ಇಷ್ಟು ಮಾಡಿಯೂ ಪ್ರತಿ ಪದದಡಿ ಕೆಂಪು ಗೆರೆ ಹೋಗದಿರಬಹುದು. ಅದು ನಿಘಂಟಿನ ದೋಷವಲ್ಲ. ಲಿಬ್ರೆಆಫೀಸ್ ಪ್ರತಿ ಪಠ್ಯಕ್ಕೂ ಮೂರು ಭಾಷೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡಿರುತ್ತದೆ: ಪಾಶ್ಚಾತ್ಯ ಲಿಪಿಗೆ ಒಂದು, ಚೀನಿ ಜಪಾನಿಗಳಂಥವಕ್ಕೆ ಒಂದು, ಸಂಕೀರ್ಣ ಲಿಪಿಗಳಿಗೆ ಒಂದು. ಕನ್ನಡ ಈ ಮೂರನೆಯ ಗುಂಪಿಗೆ ಸೇರಿದ್ದು. ಖಾಲಿ ಪ್ರೊಫೈಲಿನಲ್ಲಿ ಆ ಮೂರನೆಯ ಜಾಗದಲ್ಲಿ ಬಹಳ ಸಲ ಹಿಂದಿ ಕುಳಿತಿರುತ್ತದೆ. ಆಗ ನೀವು ಬರೆದ ಶುದ್ಧ ಕನ್ನಡವನ್ನು ಕಾರ್ಯಕ್ರಮ ಹಿಂದಿಯೆಂದು ಎಣಿಸಿ ಹಿಂದಿ ನಿಘಂಟಿನಲ್ಲಿ ಹುಡುಕುತ್ತದೆ, ಒಂದೂ ಸಿಗುವುದಿಲ್ಲ. ವಿಂಡೋಸ್‌ನದೇ ಕನ್ನಡ ಕೀಲಿಮಣೆಯಲ್ಲಿ ಟೈಪ್ ಮಾಡುವವರಿಗೆ ಈ ತೊಂದರೆ ಕಡಿಮೆ, ಏಕೆಂದರೆ ಲಿಬ್ರೆಆಫೀಸ್ ಭಾಷೆಯನ್ನು ಕೀಲಿಮಣೆಯಿಂದಲೇ ಅರಿತುಕೊಳ್ಳುತ್ತದೆ. ನುಡಿಯಂಥ ತಂತ್ರಾಂಶಗಳನ್ನು ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ನಡೆಸುವವರಿಗೆ ಆ ಸೂಚನೆ ಸಾಮಾನ್ಯವಾಗಿ ಸಿಗುವುದಿಲ್ಲ. ಪರಿಹಾರ ಸರಳ: ಆಪ್ಷನ್ಸ್‌ನ ಭಾಷಾ ಪುಟದಲ್ಲಿ ಸಂಕೀರ್ಣ ಲಿಪಿಯ ಮೂಲ ಭಾಷೆಯಾಗಿ ಕನ್ನಡವನ್ನು ಆರಿಸಿ. ಈಗಾಗಲೇ ಬರೆದ ಕಡತಗಳಲ್ಲಿ ಭಾಷೆ ತಪ್ಪಾಗಿ ನಮೂದಾಗಿದ್ದರೆ ಇಡೀ ಪಠ್ಯವನ್ನು ಆರಿಸಿ, ಅಕ್ಷರ ಸಂವಾದದಲ್ಲಿ ಕನ್ನಡವೆಂದು ಬದಲಿಸಬೇಕು.

ನಿಮ್ಮ ಆಟೋಕರೆಕ್ಟ್ ಪಟ್ಟಿಯ ಹಣೆಬರಹವೂ ಇದರ ಮೇಲೆಯೇ ನಿಂತಿದೆ. ‘ಆಟೋಕರ್’ ಎಂಬ ಉಪಫೋಲ್ಡರಿನಲ್ಲಿ ಪ್ರತಿ ಭಾಷೆಗೂ ಬೇರೆ ಕಡತ ಇರುತ್ತದೆ. ಕನ್ನಡದ ಕಡತದ ಹೆಸರಿನಲ್ಲಿ ಭಾಷೆ ಮತ್ತು ದೇಶದ ಸಂಕೇತಗಳು, ಅಂದರೆ ಕೆಎನ್ ಮತ್ತು ಐಎನ್, ಸೇರಿರುತ್ತವೆ. ಕಡತವನ್ನು ಸರಿಯಾದ ಜಾಗಕ್ಕೆ ತಂದಿಟ್ಟರೂ ಪಠ್ಯದ ಭಾಷೆ ಹಿಂದಿಯೆಂದು ನಮೂದಾಗಿದ್ದರೆ ಕಾರ್ಯಕ್ರಮ ಕನ್ನಡದ ಪಟ್ಟಿಯನ್ನು ತೆರೆಯುವುದೇ ಇಲ್ಲ. ಆದ್ದರಿಂದ ಭಾಷೆಯನ್ನು ಮೊದಲು ಸರಿಪಡಿಸಿ, ಆಮೇಲೆ ಪಟ್ಟಿ ಕೆಲಸ ಮಾಡುತ್ತಿದೆಯೇ ಪರೀಕ್ಷಿಸಿ. ಇನ್ನೊಂದು ಸಾಧ್ಯತೆಯನ್ನೂ ಪರಿಶೀಲಿಸಿ: ಹಳೆಯ ಯಂತ್ರದಲ್ಲೂ ಭಾಷೆ ತಪ್ಪಾಗಿಯೇ ಇದ್ದಿದ್ದರೆ, ನೀವು ಹನ್ನೊಂದು ವರ್ಷ ಸೇರಿಸಿದ ಜೋಡಿಗಳು ಹಿಂದಿಯ ಅಥವಾ ಎಲ್ಲ ಭಾಷೆಗಳಿಗೆ ಸಾಮಾನ್ಯವಾದ ಕಡತದಲ್ಲಿ ಕುಳಿತಿರಬಹುದು. ಆ ಫೋಲ್ಡರಿನಲ್ಲಿ ಇರುವ ಎಲ್ಲ ಕಡತಗಳನ್ನೂ ತಂದುಬಿಡುವುದು ಕ್ಷೇಮ.

ಇಲ್ಲಿ ಕನ್ನಡಕ್ಕೇ ವಿಶಿಷ್ಟವಾದ ಒಂದು ಸೂಕ್ಷ್ಮವನ್ನು ಹೇಳಲೇಬೇಕು, ಏಕೆಂದರೆ ಕರಡು ತಿದ್ದುವವರಿಗೆ ಇದು ದಿನನಿತ್ಯದ ವಿಷಯ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪದಗಳು ಯಂತ್ರಕ್ಕೆ ಬೇರೆ ಬೇರೆ ಆಗಿರಬಹುದು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ವಕಾರ ಒತ್ತಾಗಿ ಕೆಳಗಿಳಿಯದಂತೆ ತಡೆಯಲು ಟ್ ಆದ ಮೇಲೆ ಕಾಣದ ಒಂದು ಅಕ್ಷರವನ್ನು ಇಡುತ್ತೇವೆ. ‘ಬಸ್’ ಎಂಬಂತೆ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಯಲ್ಲೂ ಕೆಲವು ಕೀಲಿಮಣೆಗಳಲ್ಲಿ ಟೈಪ್ ಮಾಡುವಾಗ ಅದೇ ಕಾಣದ ಅಕ್ಷರ ಸೇರಿಕೊಳ್ಳಬಹುದು. ಅಲ್ಲಿ ಅದು ಇದ್ದರೂ ಇಲ್ಲದಿದ್ದರೂ ನೋಟ ಒಂದೇ. ಹಾಗೆಯೇ ‘ಕೊ’ ಎಂಬಲ್ಲಿಯ ಒಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಇಡಲು ಬರುತ್ತದೆ. ವಿಂಡೋಸ್ ಹೊಸದಾದಾಗ ನಿಮ್ಮ ಕೀಲಿಮಣೆಯ ತಂತ್ರಾಂಶವೂ ಬದಲಾಗಿದ್ದರೆ, ನೀವು ಈಗ ಟೈಪ್ ಮಾಡುವ ಪದ ನಿಮ್ಮದೇ ನಿಘಂಟಿನಲ್ಲಿರುವ ಪದಕ್ಕೆ ಒಳಗಿನಿಂದ ತಾಳೆಯಾಗದೆ ಹೋಗಬಹುದು. ಎಲ್ಲ ಪದಗಳಿಗಲ್ಲದೆ ಅರ್ಧಾಕ್ಷರದಿಂದ ಮುಗಿಯುವ ಪದಗಳಿಗಷ್ಟೇ ಗೆರೆ ಬೀಳುತ್ತಿದ್ದರೆ ಅನುಮಾನ ಇಲ್ಲಿಗೆ ತಿರುಗಲಿ. ಹಿಂದೆ ಬಳಸುತ್ತಿದ್ದ ಕೀಲಿಮಣೆ ವಿನ್ಯಾಸವನ್ನೇ ಮತ್ತೆ ಹಾಕಿಕೊಳ್ಳುವುದು ನಿಘಂಟನ್ನು ತಿದ್ದುತ್ತ ಕೂರುವುದಕ್ಕಿಂತ ಎಷ್ಟೋ ಸುಲಭ.

ಪುಟಗಳ ಲೆಕ್ಕ ಬದಲಾದದ್ದಕ್ಕೂ ಪ್ರೊಫೈಲಿಗೂ ಸಂಬಂಧವಿರುವಂತೆ ನನಗೆ ಕಾಣುವುದಿಲ್ಲ. ಅದು ಬಹುಮಟ್ಟಿಗೆ ಅಕ್ಷರವಿನ್ಯಾಸದ, ಅಂದರೆ ಫಾಂಟಿನ ಸಮಸ್ಯೆ. ಹಿಂದಿನ ವಿಂಡೋಸ್‌ಗಳಲ್ಲಿ ಕನ್ನಡಕ್ಕೆ ತುಂಗಾ ಎಂಬ ಫಾಂಟ್ ಜೊತೆಗೇ ಬರುತ್ತಿತ್ತು. ವಿಂಡೋಸ್ 10ರಿಂದ ಅದನ್ನು ಐಚ್ಛಿಕ ಭಾಗವಾಗಿ ಬೇರ್ಪಡಿಸಿ, ಮೂಲದಲ್ಲಿ ನಿರ್ಮಲಾ ಯುಐಯನ್ನು ಮಾತ್ರ ಉಳಿಸಿದ್ದಾರೆ. ತುಂಗಾದಲ್ಲಿ ಜೋಡಿಸಿದ ಪುಸ್ತಕವನ್ನು ತುಂಗಾ ಇಲ್ಲದ ಯಂತ್ರದಲ್ಲಿ ತೆರೆದರೆ ಬೇರೊಂದು ಫಾಂಟ್ ಅದರ ಜಾಗಕ್ಕೆ ಬರುತ್ತದೆ. ಅಕ್ಷರದ ಅಗಲ, ಸಾಲಿನ ಎತ್ತರ ಬದಲಾಗಿ ಪುಟಗಳು ಮುಂದೆ ಸರಿಯುತ್ತವೆ. ಪಠ್ಯದಲ್ಲಿ ಕರ್ಸರ್ ಇಟ್ಟು ಮೇಲಿನ ಫಾಂಟ್ ಪೆಟ್ಟಿಗೆಯನ್ನು ನೋಡಿ, ಹೆಸರು ಓರೆ ಅಕ್ಷರಗಳಲ್ಲಿ ಕಂಡರೆ ಆ ಫಾಂಟ್ ಯಂತ್ರದಲ್ಲಿ ಇಲ್ಲವೆಂದರ್ಥ. ವಿಂಡೋಸ್ ಸೆಟ್ಟಿಂಗ್ಸ್‌ನ ಐಚ್ಛಿಕ ವೈಶಿಷ್ಟ್ಯಗಳ ಪಟ್ಟಿಯಲ್ಲಿ ಕನ್ನಡದ ಪೂರಕ ಫಾಂಟ್‌ಗಳನ್ನು ಹುಡುಕಿ ಸೇರಿಸಿದರೆ ತುಂಗಾ ಮರಳುತ್ತದೆ. ಬೇರೆ ಫಾಂಟ್‌ಗಳನ್ನು ಬಳಸಿದ್ದರೆ ಅವುಗಳನ್ನು ವಿಂಡೋಸ್ ಡಾಟ್ ಓಲ್ಡ್ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ಪಡೆಯಬಹುದು. ಅಲ್ಲಿಯವರೆಗೆ ಆ ಪುಸ್ತಕದ ಕಡತವನ್ನು ತಿದ್ದಿ ಉಳಿಸಬೇಡಿ. ಪುಟ ಸರಿಹೊಂದಿಸಲೆಂದು ಈಗ ಮಾಡುವ ಬದಲಾವಣೆಗಳು ಫಾಂಟ್ ಮರಳಿದ ಮೇಲೆ ಮತ್ತೆ ಅಡ್ಡ ಬರುತ್ತವೆ.

ಟೆಂಪ್ಲೇಟ್‌ಗಳ ವಿಷಯ ಸುಲಭ. ಟೆಂಪ್ಲೇಟ್ ಉಪಫೋಲ್ಡರಿನಲ್ಲಿರುವುದನ್ನು ನಕಲು ಮಾಡಿದರೆ ಸಾಕು. ಮ್ಯಾಕ್ರೊಗಳಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ‘ಬೇಸಿಕ್’ ಉಪಫೋಲ್ಡರಿನೊಳಗೆ ಮ್ಯಾಕ್ರೊದ ಕಡತಗಳ ಜೊತೆಗೆ ಯಾವ ಸಂಗ್ರಹದಲ್ಲಿ ಯಾವುದಿದೆ ಎಂಬ ಸೂಚಿಕಡತಗಳೂ ಇರುತ್ತವೆ. ಮ್ಯಾಕ್ರೊದ ಕಡತವನ್ನಷ್ಟೇ ತಂದರೆ ಪಟ್ಟಿಯಲ್ಲಿ ಕಾಣಿಸದು. ಹೊಸ ಯಂತ್ರದಲ್ಲಿ ನೀವು ಇನ್ನೂ ಯಾವ ಮ್ಯಾಕ್ರೊವನ್ನೂ ಬರೆದಿಲ್ಲವಾದ್ದರಿಂದ ಆ ಉಪಫೋಲ್ಡರನ್ನು ಇಡಿಯಾಗಿ ತರಬಹುದು. ಮ್ಯಾಕ್ರೊ ನಡೆಯಲಿಲ್ಲವೆಂದು ಭದ್ರತೆಯ ಮಟ್ಟವನ್ನು ತೀರಾ ಕೆಳಕ್ಕೆ ಇಳಿಸಬೇಡಿ. ಲೇಖಕರು ಕಳಿಸುವ ಕಡತಗಳನ್ನು ದಿನವೂ ತೆರೆಯುವ ನಿಮ್ಮಂಥವರ ಯಂತ್ರದಲ್ಲಿ ಯಾವ ಕಡತದ ಮ್ಯಾಕ್ರೊ ಬೇಕಾದರೂ ಕೇಳದೆ ಓಡುವಂತಾಗುವುದು ನಿಜವಾದ ಅಪಾಯ.

ಟೂಲ್‌ಬಾರ್ ಮತ್ತು ಮೆನುಗಳನ್ನು ಮಾತ್ರ ತರಬೇಡಿ ಎನ್ನುತ್ತೇನೆ. ಮೆನುವಿನಲ್ಲಿ ಒಂದೇ ಒಂದು ಸಾಲನ್ನು ಬದಲಿಸಿದ್ದರೂ ಲಿಬ್ರೆಆಫೀಸ್ ಇಡೀ ಮೆನುವಿನ ಪ್ರತಿಯನ್ನು ನಿಮ್ಮ ಪ್ರೊಫೈಲಿನಲ್ಲಿ ಉಳಿಸಿಕೊಂಡು, ಮುಂದೆ ಯಾವಾಗಲೂ ಅದನ್ನೇ ತೋರಿಸುತ್ತದೆ. ಹಾಗಾಗಿ ಹಳೆಯ ಮೆನುವನ್ನು ತಂದರೆ ನಂತರದ ಆವೃತ್ತಿಗಳಲ್ಲಿ ಬಂದ ಹೊಸ ಆಜ್ಞೆಗಳು ನಿಮ್ಮ ಪರದೆಯಲ್ಲಿ ಎಂದೂ ಕಾಣುವುದಿಲ್ಲ. ನಿಮ್ಮ ಹನ್ನೊಂದು ವರ್ಷದ ಪ್ರೊಫೈಲಿನಲ್ಲಿ ಹೀಗೆ ಎಷ್ಟು ಮರೆಯಾಗಿತ್ತೋ, ಈಗಿನ ಖಾಲಿ ಪ್ರೊಫೈಲಿನಲ್ಲಿ ಅವೆಲ್ಲ ಕಾಣಸಿಗುತ್ತವೆ.

ಹಳೆಯ ಆವೃತ್ತಿಗೇ ಮರಳಿ ಅಲ್ಲೇ ನಿಂತುಬಿಡುವ ಮೂರನೆಯ ಸಲಹೆಯನ್ನು ಕೊಟ್ಟವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಅದರಿಂದ ನಿಮಗೆ ಏನೂ ಮರಳಿ ಸಿಗುವುದಿಲ್ಲ, ಏಕೆಂದರೆ ಹಳೆಯ ಆವೃತ್ತಿಯನ್ನು ಹಾಕಿದರೂ ಅದು ಹೊಸ ಖಾತೆಯ ಖಾಲಿ ಪ್ರೊಫೈಲನ್ನೇ ತೆರೆಯುತ್ತದೆ. ವಿಂಡೋಸ್ 10ಕ್ಕೆ ಮರಳುವುದಂತೂ ಬೇಡ. 2025ರ ಅಕ್ಟೋಬರ್ 14ರಂದು ಅದರ ಸಾಮಾನ್ಯ ಬೆಂಬಲ ನಿಂತಿದೆ. ಲಿಬ್ರೆಆಫೀಸ್ ವರ್ಷಕ್ಕೆರಡು ಬಾರಿ, ಸಾಧಾರಣವಾಗಿ ಫೆಬ್ರುವರಿ ಮತ್ತು ಆಗಸ್ಟ್‌ಗಳಲ್ಲಿ, ಮುಖ್ಯ ಆವೃತ್ತಿಯನ್ನು ಹೊರತರುತ್ತದೆ. ಹೊರಬಂದ ದಿನವೇ ಹಾಕಿಕೊಳ್ಳುವ ಅವಸರ ಬೇಡ. ಪುಸ್ತಕವೊಂದು ಅಚ್ಚಿಗೆ ಹೋಗುವ ವಾರದಲ್ಲಂತೂ ಮುಟ್ಟಲೇಬೇಡಿ. ಕೆಲಸದ ಬಿಡುವು ನೋಡಿಕೊಂಡು ಒಂದೆರಡು ತಿಂಗಳು ತಡವಾಗಿ ಹಾಕಿಕೊಂಡರೆ ಆರಂಭದ ದೋಷಗಳು ಅಷ್ಟರಲ್ಲಿ ತಿದ್ದಿರುತ್ತವೆ. ವರ್ಷಗಟ್ಟಲೆ ಬಿಡುವುದರಲ್ಲಿ ಮಾತ್ರ ಭದ್ರತೆಯ ಲೋಪಗಳು ತೆರೆದೇ ಉಳಿಯುವ ಅಪಾಯವಿದೆ.

ಇದನ್ನು ಓದುತ್ತಿರುವವರಲ್ಲಿ ಕೆಲವರಿಗೆ ಆ ಹತ್ತು ದಿನಗಳು ಈಗಾಗಲೇ ಮುಗಿದಿರಬಹುದು. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಅಳಿದ ಕಡತವನ್ನು ಮರಳಿ ತೆಗೆಯುವ ಸಾಧ್ಯತೆ ಅತ್ಯಲ್ಪ, ಏಕೆಂದರೆ ಅಳಿಸಿದ ಜಾಗವನ್ನು ಅದು ತಾನಾಗಿಯೇ ತೆರವುಗೊಳಿಸುತ್ತಿರುತ್ತದೆ. ಮರಳಿಸಿಕೊಡುತ್ತೇವೆಂದು ಹಣ ಕೇಳುವವರ ಬಳಿ ಹೋಗುವ ಮೊದಲು ಇದು ತಿಳಿದಿರಲಿ. ಒನ್‌ಡ್ರೈವ್‌ನಲ್ಲಿ ಇರಬಹುದೆಂಬ ಆಸೆಯೂ ಬೇಡ, ಅದರ ಬ್ಯಾಕಪ್ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ನಂಥ ಫೋಲ್ಡರ್‌ಗಳಿಗೆ ಸೀಮಿತ, ಆಪ್‌ಡೇಟಾವನ್ನು ಮುಟ್ಟುವುದಿಲ್ಲ. ಆದರೆ ಪದಪಟ್ಟಿಯನ್ನು ಮತ್ತೆ ಕಟ್ಟಲು ಒಂದು ದಾರಿ ಇದೆ. ತಿದ್ದಿ ಮುಗಿಸಿ ಅಚ್ಚಾದ ಪುಸ್ತಕಗಳ ಅಂತಿಮ ಕಡತಗಳು ನಿಮ್ಮ ಬಳಿ ಇರುತ್ತವೆ. ಅವುಗಳ ಪಠ್ಯವನ್ನು ಪದಗಳಾಗಿ ಬಿಡಿಸಿ, ಮರುಕಳಿಸಿದ್ದನ್ನು ತೆಗೆದು, ಒಮ್ಮೆ ಕಣ್ಣಾಡಿಸಿ, ಮೇಲೆ ಹೇಳಿದ ರೂಪದ ಕಡತದಲ್ಲಿ ಸಾಲಿಗೊಂದರಂತೆ ಇಟ್ಟರೆ ನಿಮ್ಮ ಕಣ್ಣಿನಿಂದ ದಾಟಿಬಂದ ಪದಗಳದೇ ನಿಘಂಟು ಮತ್ತೆ ಸಿದ್ಧವಾಗುತ್ತದೆ. ಶ್ರಮದ ಕೆಲಸ, ಆದರೆ ಹನ್ನೊಂದು ವರ್ಷ ಬೇಕಾಗುವುದಿಲ್ಲ.

ಎಲ್ಲವೂ ಮರಳಿ, ಎರಡು ಮೂರು ದಿನ ಕೆಲಸ ಮಾಡಿ ತೃಪ್ತಿಯಾದ ಮೇಲೆ ಒಂದು ಪ್ರತಿ ತೆಗೆದಿಡಿ. ಹೆಲ್ಪ್ ಪಟ್ಟಿಯಲ್ಲಿ ಸೇಫ್ ಮೋಡ್‌ನಲ್ಲಿ ಮತ್ತೆ ತೆರೆಯುವ ಆಯ್ಕೆ ಇದೆ, 2017ರಲ್ಲಿ 5.3ನೆಯ ಆವೃತ್ತಿಯೊಂದಿಗೆ ಬಂದದ್ದು. ಆಗ ಬರುವ ಪೆಟ್ಟಿಗೆಯಲ್ಲಿ ಬಳಕೆದಾರ ಪ್ರೊಫೈಲನ್ನು ಜಿಪ್ ಕಡತವಾಗಿ ಕಟ್ಟಿಕೊಡುವ ಸೌಲಭ್ಯವಿದೆ. ಅದೇ ಪೆಟ್ಟಿಗೆಯಲ್ಲಿ ಪ್ರೊಫೈಲನ್ನು ಮೂಲಸ್ಥಿತಿಗೆ ತರುವ ಗುರುತುಪೆಟ್ಟಿಗೆಯೂ ಇರುವುದರಿಂದ ಕೈ ತಪ್ಪದಿರಲಿ. ಆ ಜಿಪ್ ಕಡತ ಬೇರೊಂದು ಡಿಸ್ಕಿನಲ್ಲಿರಲಿ, ಅಪ್‌ಗ್ರೇಡ್‌ಗೆ ಮುಂಚೆ ಪ್ರತಿ ಸಲವೂ ಹೊಸದಾಗಿ ತೆಗೆಯಿರಿ. ನೀವು ಇತ್ತೀಚೆಗೆ ತೆರೆದ ಕಡತಗಳ ಹೆಸರುಗಳು ಸೇರಿದಂತೆ ಖಾಸಗಿ ವಿವರಗಳು ಅದರಲ್ಲಿ ಇರುವ ಕಾರಣ, ಸಹಾಯ ಕೇಳುವಾಗಲೂ ಅಪರಿಚಿತರಿಗೆ ಕಳಿಸಬೇಡಿ.

ಮಗಳ ಲ್ಯಾಪ್‌ಟಾಪ್‌ಗೆ ನಿಘಂಟಿನ ಕಡತವನ್ನು ಧಾರಾಳವಾಗಿ ಹಾಕಿಕೊಡಬಹುದು. ಅದು ಸಾದಾ ಪಠ್ಯವಾದ್ದರಿಂದ ಅಲ್ಲಿ ವಿಂಡೋಸ್ ಇದ್ದರೂ, ಮ್ಯಾಕ್ ಇದ್ದರೂ, ಲಿನಕ್ಸ್ ಇದ್ದರೂ ನಡೆಯುತ್ತದೆ. ಆದರೆ ಒಂದೇ ಕಡತವನ್ನು ಕ್ಲೌಡ್‌ನಲ್ಲಿಟ್ಟು ಎರಡೂ ಯಂತ್ರಗಳಿಂದ ಏಕಕಾಲಕ್ಕೆ ಬಳಸುವ ಏರ್ಪಾಡು ಮಾಡಬೇಡಿ. ಇಬ್ಬರೂ ಪದ ಸೇರಿಸಿದ ದಿನ, ಕೊನೆಯಲ್ಲಿ ಬರೆದ ಯಂತ್ರದ ಪ್ರತಿ ಉಳಿದು ಇನ್ನೊಬ್ಬರು ಸೇರಿಸಿದ್ದು ಹೋಗುತ್ತದೆ. ಮಗಳ ನಿಘಂಟಿಗೆ ಬೇರೆ ಹೆಸರು ಕೊಟ್ಟು, ತಿಂಗಳಿಗೊಮ್ಮೆ ಎರಡನ್ನೂ ನೋಟ್‌ಪ್ಯಾಡ್‌ನಲ್ಲಿ ತೆರೆದು ಒಂದಾಗಿಸಿಕೊಳ್ಳಿ.